ಅರವತ್ತು ಅಡಿ ಕರಿ ಫಿಲ್ಮು

ಇಪ್ಪತ್ತಾರು ವರ್ಷ ಬಿಳಿ ನೂಲಿನ ಕೈಗವಸು ತೊಟ್ಟು
ತಾಡದೇವದ ಲ್ಯಾಬಿನಲ್ಲಿ ನೆಗೆಟಿವ್ ಕತ್ತರಿಸಿದೆ.
ಮಂದಿಯ ಕಣ್ಣಿಗೆ ಹೀರೋಯಿನ್ ಚೆಲುವೆ;
ನಾನು ಕಂಡವಳ ಹಲ್ಲು ಕಪ್ಪು, ಕೂದಲು ಬೆಳ್ಳಗೆ,
ಅತ್ತರೆ ಕೆನ್ನೆ ಮೇಲೆ ಮಸಿ ಇಳಿಯುತ್ತಿತ್ತು.
ಬೆರಳು ಒಂದಿಷ್ಟು ಜಾರಿದ್ದರೆ
ಯಾರದೋ ಮದುವೆ ಅರ್ಧಕ್ಕೇ ನಿಲ್ಲುತ್ತಿತ್ತು.
ಜಾರಲಿಲ್ಲ.
ಪರದೆಯ ಮೇಲೆ ಹೆಸರು ಬರಲಿಲ್ಲವೆಂಬ ಸಂಕಟವೂ ಇಲ್ಲ,
ಹೆಸರು ಓಡುವ ಹೊತ್ತಿಗೆ ಜನ
ಕಾಲಲ್ಲಿ ಚಪ್ಪಲಿ ಹುಡುಕುತ್ತಿರುತ್ತಾರೆ.

ಲ್ಯಾಬು ಮುಚ್ಚಿದ ದಿನ ಹೋರ್ಮುಜ್ ಸೇಠ್
ಎಲ್ಲರಿಗೂ ಒಂದೊಂದು ಸ್ಟೀಲ್ ಡಬ್ಬಿ ಕೊಟ್ಟರು.
ನಾನು ಕೇಳಿದ್ದು ಕಸದ ಬುಟ್ಟಿ.
ಅದರಲ್ಲಿತ್ತು ಪೂರ್ತಿ ಬೆಳಕು ಕುಡಿದು ಕರ್ರಗಾದ
ರೀಲಿನ ಬಾಲ, ಅರವತ್ತು ಅಡಿ.
ಸೆರಗಿನೊಳಗೆ ಸುತ್ತಿಕೊಂಡು ಬಸ್ಸು ಹತ್ತಿ
ಕರೀ ರೋಡಿಗೆ ತಂದೆ.
(ಈ ಊರಿಗೆ ಬಂದ ಹೊಸತರಲ್ಲಿ
ಹೊಸ ಡಾಂಬರು ಹಾಕಿದ್ದಕ್ಕೆ ಆ ಹೆಸರು ಅಂದುಕೊಂಡಿದ್ದೆ.)

ಅವ್ವ ಧಾರವಾಡದವಳು. ಎಳೆ ಎಣಿಸಿ ಕಸೂತಿ ಹಾಕುವಳು.
ಗವಂತಿಗೆ ಗಂಟಿಲ್ಲ, ಮುಂದೆ ಹೇಗೋ ಹಿಂದೆಯೂ ಹಾಗೇ.
“ಬೆನ್ನ ತೋರಿಸಾಕ ನಾಚೋವಂಥಾ ಕೆಲಸ ಮಾಡಬ್ಯಾಡ” ಅನ್ನುತ್ತಿದ್ದಳು,
ಸೀರೆಗೆ ಹೇಳಿದ್ದೋ, ನನಗೆ ಹೇಳಿದ್ದೋ.

ಅವಳ ಸೂಜಿಯನ್ನೇ ತೆಗೆದು ಒಂದು ರಾತ್ರಿ
ಕರಿಯ ಮೇಲೆ ಗೀರಿದೆ.
ಹಗುರ ಗೀರಿದರೆ ಹಸಿರು,
ಇನ್ನಿಷ್ಟು ಒತ್ತಿದರೆ ಅರಿಶಿನ,
ತಳ ಮುಟ್ಟಿದರೆ ಬಿಳಿ.
ಇಷ್ಟೆಲ್ಲ ಒಳಗಿತ್ತೆಂದು
ಕತ್ತರಿ ಹಿಡಿದವಳಿಗೆ ಯಾರೂ ಹೇಳಿರಲಿಲ್ಲ.

ಮೊದಮೊದಲು ಗೋಪುರ ಬರೆದೆ, ನವಿಲು ಬರೆದೆ.
ಅವು ಅವ್ವನವು.
ಆಮೇಲೆ ಸಿನಿಮಾದವರ ಹಾಗೆ ಒಂದು ಸೂರ್ಯೋದಯ.
ನಮ್ಮ ಕಿಟಕಿಗೆ ಸೂರ್ಯ ಬರುವುದೇ ಮಧ್ಯಾಹ್ನ.
ಅಳಿಸಲು ಬಾರದು. ಎಂಟು ಅಡಿ ಹೀಗೇ ಹೋಯಿತು.

ಒಂದು ಮುಂಜಾನೆ ಸಾಲಿನಲ್ಲಿ ನಿಂತಿದ್ದೆ.
ನೀರು ಬರುವ ಮುಂಚೆ ನಲ್ಲಿ ಕೆಮ್ಮಿತು.
ಬಕೆಟ್ಟುಗಳೆಲ್ಲ ಒಮ್ಮೆಲೇ ಸರಿದವು.
ಅದನ್ನು ಗೀರಿದೆ.
ಚೌಕಾಬಾರದ ಹಾಗೆ ಮನೆ ಮನೆ ದಾಟಿಸುತ್ತ,
ಇಪ್ಪತ್ತನಾಲ್ಕು ಮನೆ ದಾಟಿದರೆ ಒಂದು ಸೆಕೆಂಡು,
ಒಂದು ಕೆಮ್ಮಿಗೆ ಮೂರು ರಾತ್ರಿ.
ಆಮೇಲೆ ಕೈಗವಸಿಲ್ಲದ ನನ್ನ ಕೈ.
ಆಮೇಲೆ ಬಾಗಿಲು.
ಅವನನ್ನು ಬರೆಯಲಿಲ್ಲ,
ಅವನು ಹೋದ ಮೇಲೆ
ಅಲುಗಾಡುತ್ತಲೇ ಇದ್ದ ಬಾಗಿಲನ್ನು ಬರೆದೆ.
ಅಲ್ಲಿ ಸೂಜಿ ಆಚೆಗೆ ತೂರಿ ಫಿಲ್ಮು ಹರಿಯಿತು. ಅಂಟಿಸಿದೆ.

ಹನ್ನೊಂದು ತಿಂಗಳಾದ ಮೇಲೆ
ತಳವಲಕರ್ ಮಾಸ್ತರು ಚೋರ್ ಬಜಾರಿನಿಂದ
ಕೈಯಲ್ಲಿ ತಿರುಗಿಸುವ ಪ್ರೊಜೆಕ್ಟರು ತಂದರು.
ಮೂರನೇ ಮಾಳಿಗೆಯ ಗ್ಯಾಲರಿ, ಪರದೆಗೆ ಜೋಗಳೇಕರನ ಪಂಚೆ,
ಹದಿನಾಲ್ಕು ಮಂದಿ, ಒಂದು ಬೆಕ್ಕು.
ಮೂವತ್ತೆಂಟು ಸೆಕೆಂಡು.
ಗೆರೆಗಳು ನಿಂತಲ್ಲಿ ನಿಲ್ಲದೆ ನಡುಗಿದವು;
“ಏನು ಕಲೆಗಾರಿಕೆ!” ಅಂದರು ಮಾಸ್ತರು. ಅದು ನನ್ನ ಬಿ.ಪಿ.
ನಲ್ಲಿ ಕೆಮ್ಮಿದಾಗ ಎಲ್ಲರೂ ನಕ್ಕರು.
ಬಾಗಿಲಿಗೆ ಯಾರೂ ನಗಲಿಲ್ಲ.
“ಝಾಲಂ?” ಅಂದಳು ಪಕ್ಕದ ಖೋಲಿಯ ಶೇವಂತಾ,
ನನ್ನ ಮೊಣಕೈ ಹಿಡಿದುಕೊಂಡೇ.

ಒಂದು ಹುಡುಗ ಉಲ್ಟಾ ತಿರುಗಿಸಿ ಅಂದ.
ಬಾಗಿಲು ಅಲುಗಿ ಅಲುಗಿ ಮುಚ್ಚಿತು,
ಬಕೆಟ್ಟು ಹಿಂದೆ ಸರಿದವು,
ನಲ್ಲಿ ತನ್ನ ಕೆಮ್ಮನ್ನು ನುಂಗಿಕೊಂಡಿತು,
ಸೂರ್ಯ ಮುಳುಗಿದ, ನವಿಲು ಕರಿಯೊಳಗೆ ಕಾಲಿಟ್ಟಿತು.
ಬೆನ್ನ ಕಡೆಯಿಂದಲೂ ನೋಡಿದ ಹಾಗಾಯಿತು.
ಜೋಗಳೇಕರ ಪಂಚೆ ಮಡಿಸಿ ಒಯ್ದ.

ಮೂರು ಅಡಿ ಇನ್ನೂ ಉಳಿದಿದೆ, ಎರಡು ಸೆಕೆಂಡು.
ಏನು ಬರೆಯಲೆಂದು ಗೊತ್ತಿಲ್ಲ, ಅವಸರವೂ ಇಲ್ಲ.
ಲ್ಯಾಬಿನಲ್ಲಿ ನನ್ನ ಜೋಡು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.
ಇದರಲ್ಲಿ ಮಾತ್ರ ಬಾಗಿಲ ಹತ್ತಿರ ಟಕ್ ಅನ್ನುತ್ತದೆ.
ಗಂಟು, ಅವ್ವಾ.
ಬಿಚ್ಚಿ ಮತ್ತೆ ಹಾಕಬಹುದಿತ್ತು.
ಹಾಕಲಿಲ್ಲ.